ಬಿದ್ದವರ ಲೆಕ್ಕ

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಕೆಳಗೆ ಯಾರಾದರೂ ಕುಸಿದು ಬಿದ್ದರೆ ಜನ ಸೇರಲು ತಡವಾಗುವುದಿಲ್ಲ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ಫಿಟ್ಸ್ ಇರಬೇಕೆಂದು ಕೈಗೆ ಬೀಗದ ಕೈ ತುರುಕುತ್ತಾರೆ. ಬಿದ್ದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗೊರ ಎಂದರೆ, ‘ಉಸಿರಾಡ್ತಿದ್ದಾರೆ ಬಿಡಿ’ ಎಂಬ ಸಮಾಧಾನ. ಹೃದಯ ನಿಂತಾಗಲೂ ಹಾಗೇ ಆಗುತ್ತದೆಂದು ಯಾರಿಗೆ ಗೊತ್ತು? ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಆಂಬುಲೆನ್ಸ್ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಬರಬೇಕು.

2024ರ ನವೆಂಬರ್‌ನಲ್ಲಿ ನೆಲಮಂಗಲದ ಕಡೆ ಬಿಎಂಟಿಸಿ ಚಾಲಕರೊಬ್ಬರು ಸ್ಟೇರಿಂಗ್ ಹಿಡಿದಂತೆಯೇ ಕುಸಿದರು. ಕಂಡಕ್ಟರ್ ಹಾರಿ ಬಂದು ಬಸ್ ನಿಲ್ಲಿಸಿದ ವಿಡಿಯೋವನ್ನು ಊರೆಲ್ಲ ನೋಡಿ ಮೆಚ್ಚಿತು, ಮೆಚ್ಚಬೇಕಾದದ್ದೇ. ಪ್ರಯಾಣಿಕರು ಉಳಿದರು. ಚಾಲಕರು ಉಳಿಯಲಿಲ್ಲ. ಅವರ ಮುಂದಿನ ನಿಮಿಷಗಳು ಹೇಗೆ ಕಳೆದವು ಎಂದು ವಿಡಿಯೋ ನೋಡಿದ ನಾವ್ಯಾರೂ ಕೇಳಿಕೊಳ್ಳಲಿಲ್ಲ.

ಮರುವರ್ಷ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಆಗಿನ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಒಂದೊಂದೇ ಪ್ರಕರಣ ಬಿಡಿಸಿ ನೋಡಿದರೆ, ಕೆಲವು ಹೃದಯದ ಸಾವೇ ಅಲ್ಲ. ಲೆಕ್ಕ ಇಲ್ಲದ ಕಡೆ ಭಯ ಎಷ್ಟು ಸಲೀಸಾಗಿ ಬೆಳೆಯುತ್ತದೆ! ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆಯಾಗಬೇಕು ಎಂದು ಆ ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಒಳ್ಳೆಯದೇ. ಆದರೆ ಅದು ಸತ್ತವರ ಲೆಕ್ಕ. ಬಿದ್ದು ಎದ್ದವರೂ ಅದರಲ್ಲಿ ಸೇರದಿದ್ದರೆ, ಯಾರನ್ನು ಏನು ಉಳಿಸಿತೆಂದು ತಿಳಿಯುವುದು ಹೇಗೆ?

1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಮಠದಲ್ಲಿ ಸೇರಿದ ವೈದ್ಯರು ಇದೇ ಗೊಂದಲಕ್ಕೆ ಉತ್ತರ ಹುಡುಕಿದರು. ಪ್ರತಿ ಪ್ರಕರಣದಲ್ಲೂ ಒಂದೇ ಬಗೆಯ ಪ್ರಶ್ನೆ ಕೇಳಿ ಬರೆದಿಡಬೇಕು: ಬಿದ್ದದ್ದನ್ನು ಯಾರಾದರೂ ಕಂಡರೇ, ಎದೆ ಒತ್ತಿದರೇ, ಶಾಕ್ ಕೊಟ್ಟದ್ದು ಯಾವಾಗ? ಅಂಥ ಲೆಕ್ಕ ಇಡುವ, ಅಮೆರಿಕದ ಸಿಯಾಟಲ್ ಸುತ್ತಿನ ಕಿಂಗ್ ಕೌಂಟಿಯಲ್ಲಿ ತುರ್ತು ಕರೆಗಳ ಧ್ವನಿಮುದ್ರಣವನ್ನೂ ಕೇಳಿ, ಫೋನಿನಲ್ಲೇ ಎದೆ ಒತ್ತಿಸುವ ರೀತಿಯನ್ನು ತಿದ್ದಿಕೊಳ್ಳುತ್ತಾರೆ.

ಆದರೆ ಇಂಥ ಲೆಕ್ಕಕ್ಕಾಗಿ, ಸಾವಿನ ಹನ್ನೊಂದನೆಯ ದಿನವೂ ಕಳೆಯದ ಮನೆಗೆ ಹೋಗಿ ‘ಎಷ್ಟು ನಿಮಿಷ ಆಯ್ತಮ್ಮ?’ ಎಂದು ಕೇಳುವುದು ಕ್ರೌರ್ಯವಲ್ಲವೇ? ನನಗೂ ಅಳುಕಿದೆ. ಆದರೂ ಕೇಳಬೇಕು ಅನ್ನುತ್ತೇನೆ. ಹೆಸರು ಬರೆಯದೆ, ತಪ್ಪು ಹೊರಿಸದೆ. 108ಕ್ಕೆ ಕರೆ ಬಂದ ಹೊತ್ತು ಸಿಕ್ಕೀತು. ಅದಕ್ಕೂ ಮೊದಲು ನಡೆದದ್ದು ಟೀ ಅಂಗಡಿಯವನಿಗೆ, ನೀರು ಚಿಮುಕಿಸಿದಾತನಿಗೆ ಮಾತ್ರ ಗೊತ್ತು. ಅವರನ್ನು ಪೊಲೀಸರ ಧಾಟಿಯಲ್ಲಿ ವಿಚಾರಿಸಿದರೆ, ಇನ್ನೊಬ್ಬರು ಬಿದ್ದಾಗ ಅವರು ಹತ್ತಿರವೂ ಸುಳಿಯಲಿಕ್ಕಿಲ್ಲ.