ಮೋಡದೊಳಗಿನ ವೈರಾಗ್ಯ

ಲೋಕವು ಕಣ್ಣಿಗೆ ಮರೆಯಾಗುವುದಕ್ಕೂ ಲೋಕದ ಮೇಲಣ ಆಸೆ ಮನಸ್ಸಿನಿಂದ ಕಳಚುವುದಕ್ಕೂ ಇರುವ ಅಂತರವನ್ನು ವಿಚಾರಿಸಲು, ಆಷಾಢಮಾಸದಲ್ಲಿ ಮೈಸೂರಿನ ಚಾಮುಂಡಿಬೆಟ್ಟವನ್ನು ಮೆಟ್ಟಿಲ ಹಾದಿಯಿಂದ ಏರುವುದಕ್ಕಿಂತ ಅನುಕೂಲವಾದ ಸಂದರ್ಭವನ್ನು ನಾನು ಕಾಣೆನು. ಆ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,500 ಅಡಿ. ಊರಿನ ನೆಲದಿಂದ ಅಳೆದರೆ ಸಾವಿರ ಅಡಿಯ ಆಸುಪಾಸು. ಆದರೆ ನೈಋತ್ಯದ ಮುಂಗಾರು ಮೋಡಗಳನ್ನು ತಂದು ಅದರ ನೆತ್ತಿಯ ಮೇಲೆ ಕವಿಸಿದಾಗ, ಬುಡದಲ್ಲಿ ನಿಂತವನಿಗೆ ಶಿಖರವಿಲ್ಲ, ಶಿಖರದಲ್ಲಿ ನಿಂತವನಿಗೆ ಊರಿಲ್ಲ, ನಡುದಾರಿಯಲ್ಲಿರುವವನಿಗೆ ಎರಡೂ ಇಲ್ಲ. ಕಾಲಿಡಬೇಕಾದ ಮುಂದಿನ ಕೆಲವು ಮೆಟ್ಟಿಲುಗಳಷ್ಟೇ ಅವನ ಪಾಲಿನ ಪ್ರಪಂಚ.

ಈ ಸೋಪಾನಮಾರ್ಗವು ದೊಡ್ಡದೇವರಾಜ ಒಡೆಯರ ಕಾಲದ್ದು, ಎಂದರೆ 17ನೆಯ ಶತಮಾನದ್ದು. ಆಕಾಶ ನಿರ್ಮಲವಾಗಿರುವ ದಿನ ಇದನ್ನು ಏರುವವನು ಏದುಸಿರು ಬಿಡುತ್ತ ನಿಂತು ಹಿಂದಿರುಗಿ ನೋಡಿದಾಗಲೆಲ್ಲ, 1912ರಲ್ಲಿ ಕಟ್ಟಿ ಮುಗಿದ ಅರಮನೆಯ ಗೋಪುರ, ಕಾರಂಜಿಕೆರೆಯ ನೀರು, ಲಲಿತಮಹಲಿನ ಬಿಳುಪು, ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳು ಕ್ರಮಕ್ರಮವಾಗಿ ಕಿರಿದಾಗುವುದನ್ನು ಕಂಡು, ತಾನೆಷ್ಟು ಮೇಲೇರಿದೆನೆಂದು ತಿಳಿದುಕೊಳ್ಳುತ್ತಾನೆ. ಮೋಡದ ದಿನ ಆ ಅಳತೆ ಇಲ್ಲ. ತುಂತುರಿಗೆ ನೆನೆದ ಕಲ್ಲು, ಎಲೆಗಳಿಂದ ತೊಟ್ಟಿಕ್ಕುವ ನೀರು, ತನ್ನದೇ ಉಸಿರು, ಇವಿಷ್ಟರ ನಡುವೆ ನಡೆದವನಿಗೆ ಬಿಳಿಯ ಮಸುಕಿನೊಳಗಿಂದ, ಒಂದೇ ಬಂಡೆಯಲ್ಲಿ ಕಡೆದ ಹದಿನಾರಡಿಯ ನಂದಿ ಎದುರಾದಾಗ, ಮೂರು ಶತಮಾನಗಳಿಂದ ಅಲ್ಲಿಯೇ ಕುಳಿತಿರುವ ಆ ಮೂರ್ತಿ ಆಗತಾನೆ ಸೃಷ್ಟಿಯಾದಂತೆ ತೋರುತ್ತದೆ.

ಇಂಥ ಸ್ಥಿತಿಯಲ್ಲಿ ಚಿತ್ತವು ಹಗುರಾಗುವುದು ಸತ್ಯ. ಸಾಲ, ವ್ಯಾಜ್ಯ, ಕಚೇರಿಯ ಮೇಲಾಟ, ನೆಂಟರ ಮುನಿಸು, ಇವೆಲ್ಲಕ್ಕೆ ನೆಲೆಯಾದ ಪಟ್ಟಣವೇ ಅದೃಶ್ಯವಾದಾಗ, ಅವುಗಳ ಬಾಧೆಯೂ ಅಳಿದುಹೋಯಿತೆಂಬ ಭಾವನೆ ತಾನಾಗಿ ಮೂಡುತ್ತದೆ. ದೇವರ ಸಮೀಪಕ್ಕೆ ಬಂದೆನೆಂದು ಭಕ್ತನಿಗೂ, ಸಂಸಾರದಿಂದ ಬಿಡುಗಡೆ ಹೊಂದಿದೆನೆಂದು ವಿಚಾರಶೀಲನಿಗೂ ಆ ಹೊತ್ತಿನಲ್ಲಿ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದನ್ನು ವೈರಾಗ್ಯವೆನ್ನಬಹುದೆ?

ವೇದಾಂತಿಗಳು ಅವಿದ್ಯೆಗೆ ಎರಡು ಶಕ್ತಿಗಳನ್ನು ಹೇಳುತ್ತಾರೆ. ಇರುವುದನ್ನು ಮರೆಮಾಡುವುದು ಆವರಣ. ಮರೆಯಾದ ಎಡೆಯಲ್ಲಿ ಇಲ್ಲದುದನ್ನು ತೋರಿಸುವುದು ವಿಕ್ಷೇಪ. ಸದಾನಂದನ ವೇದಾಂತಸಾರವು ಆವರಣಕ್ಕೆ ಕೊಡುವ ದೃಷ್ಟಾಂತ ಮೋಡದ್ದೇ: ಸಣ್ಣದೊಂದು ಮೇಘವು ವಿಸ್ತಾರವಾದ ಸೂರ್ಯಮಂಡಲವನ್ನು ಮುಚ್ಚಿತೆಂದು ನಾವು ಭ್ರಮಿಸುವುದು, ಅದು ನಮ್ಮ ದೃಷ್ಟಿಗೆ ಅಡ್ಡ ಬಂದುದರಿಂದ. ಆತ್ಮವಸ್ತು ಜೀವನಿಗೆ ಮರೆಯಾಗುವ ಬಗೆಯನ್ನು ತಿಳಿಸಲು ಹೊರಟ ಈ ದೃಷ್ಟಾಂತ, ಬೆಟ್ಟದ ಮೇಲೆ ನಿಂತವನಿಗೆ ಕೆಳಗಣ ಊರಿನ ವಿಷಯದಲ್ಲಿಯೂ ಸಲ್ಲುತ್ತದೆ. ಮೋಡವು ಊರನ್ನು ಮುಚ್ಚಿದ್ದು ಆವರಣ. ಆ ಮುಸುಕಿನ ಮೇಲೆ ‘ನಾನು ಮುಕ್ತ’ನೆಂದು ಮನಸ್ಸು ಬರೆದುಕೊಂಡ ಚಿತ್ರ ವಿಕ್ಷೇಪ. ಹೀಗೆ ನೋಡಿದರೆ ಲೋಕಾಸಕ್ತಿಯಂತೆಯೇ ವೈರಾಗ್ಯದ ಅಭಿಮಾನವೂ ಅವಿದ್ಯೆಯ ಕಾರ್ಯವಾಗಬಲ್ಲುದು. ಮೊದಲನೆಯದಕ್ಕಿಂತ ಎರಡನೆಯದನ್ನು ಗುರುತಿಸುವುದೇ ಕಷ್ಟ.

ಹಾಗೆಂದು ಆ ಹಗುರವನ್ನು ತಿರಸ್ಕರಿಸಬೇಕಾಗಿಲ್ಲ. ಇದೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಪ್ರೊಫೆಸರ್ ಎಂ. ಹಿರಿಯಣ್ಣನವರು (1871–1950) ರಸಾನುಭವವನ್ನೂ ಮೋಕ್ಷವನ್ನೂ ಜತೆಯಲ್ಲಿಟ್ಟು ಚಿಂತಿಸಿದವರು. ಕಾವ್ಯವನ್ನಾಗಲಿ ಚಿತ್ರವನ್ನಾಗಲಿ ಸವಿಯುವವನು ಆ ಹೊತ್ತಿಗೆ ತನ್ನ ಸ್ವಾರ್ಥವನ್ನು ಮರೆಯುವುದರಿಂದ ಅವನ ಆನಂದಕ್ಕೆ ಜೀವನ್ಮುಕ್ತನ ಆನಂದದ ಹೋಲಿಕೆ ಉಂಟು. ಆದರೆ ಅದು ಹೊರಗಣ ನಿಮಿತ್ತದಿಂದ ಹುಟ್ಟಿದುದಾದ್ದರಿಂದ ನಿಮಿತ್ತದೊಡನೆಯೇ ಕಳೆದುಹೋಗುತ್ತದೆ, ಜ್ಞಾನದಿಂದ ಬಂದ ಶಾಂತಿಯಾದರೋ ನಿಲ್ಲುತ್ತದೆ ಎಂಬುದು ಅವರ ವಿಚಾರದ ಸಾರ. ಮೋಡವು ಕೊಡುವ ಶಾಂತಿಯೂ ಮೊದಲನೆಯ ಜಾತಿಯದು. ನಿಸ್ವಾರ್ಥವಾದ ಬಾಳು ಎಂಥ ರುಚಿಯುಳ್ಳದ್ದೆಂಬುದನ್ನು ಅದು ನಾಲಗೆಗೆ ತಾಗಿಸುತ್ತದೆ. ಉಣಿಸಿ ತೃಪ್ತಿಪಡಿಸುವುದು ಅದರ ಕೈಯಲ್ಲಿಲ್ಲ.

ಅದೇ ಹಾದಿಯಲ್ಲಿ ಹರಕೆ ಹೊತ್ತ ಹೆಂಗಸರು ಪ್ರತಿಯೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಏರುವುದನ್ನು ಕಾಣಬಹುದು. ಮಗುವಿನ ಕಾಯಿಲೆ ವಾಸಿಯಾಗಲಿ, ಮಗಳ ಮದುವೆ ಕೂಡಿಬರಲಿ, ಗಂಡನಿಗೆ ಕೆಲಸ ಸಿಗಲಿ ಎಂದು ಹೊತ್ತ ಹರಕೆಗಳವು. ಶಾಸ್ತ್ರದ ದೃಷ್ಟಿಯಲ್ಲಿ ಇದು ಕಾಮ್ಯಕರ್ಮ, ಮುಮುಕ್ಷುವಿನ ನಿಲುವಿಗಿಂತ ಕೆಳಗಿನದು. ಆದರೂ ನಾನು ಅವರನ್ನು ಕಂಡಾಗಲೆಲ್ಲ ಗೌರವದಿಂದ ದಾರಿ ಬಿಟ್ಟು ನಿಲ್ಲುತ್ತೇನೆ. ಏಕೆಂದರೆ ಮೋಡವು ಊರನ್ನು ಎಷ್ಟೇ ದಟ್ಟವಾಗಿ ಮುಚ್ಚಿದರೂ, ಅಲ್ಲಿ ನರಳುವ ಜೀವವೊಂದು ಆ ತಾಯಿಯ ಮನಸ್ಸಿನಿಂದ ಮರೆಯಾಗಿರುವುದಿಲ್ಲ. ಅವಳ ಪ್ರೀತಿಯಲ್ಲಿ ‘ನನ್ನದು’ ಎಂಬ ಗಡಿ ಇದೆ, ನಿಜ. ಆ ಗಡಿ ಕರಗಬೇಕು. ಆದರೆ ಕರಗುವಾಗ ಪ್ರೀತಿಯೂ ಅದರೊಡನೆ ಹೋಗಬಾರದು. ಗಡಿಯನ್ನೂ ಪ್ರೀತಿಯನ್ನೂ ಒಟ್ಟಿಗೆ ಕಳೆದುಕೊಂಡ ಮನಸ್ಸು ವಿರಕ್ತವಾದುದಲ್ಲ, ಬರಡಾದುದು.

ಆದುದರಿಂದ ವೈರಾಗ್ಯದ ಪರೀಕ್ಷೆ ನಡೆಯುವುದು ಮೋಡ ಸರಿದ ಮೇಲೆ. ಗಾಳಿ ತಿರುಗಿ, ಬೀದಿಬೀದಿಯಾಗಿ ಊರು ಮತ್ತೆ ತೋರಿದಾಗ, ನನ್ನ ಮನೆಯ ದಿಕ್ಕನ್ನೇ ಕಣ್ಣು ಹುಡುಕಿ ಅಲ್ಲಿಯೇ ಅಂಟಿಕೊಂಡರೆ ನನ್ನಲ್ಲಿ ಉಳಿದಿರುವುದು ಮಮಕಾರ. ನೋಡಲಾರದೆ ಮುಖ ತಿರುಗಿಸಿದರೆ ಅದು ದ್ವೇಷ, ಮಮಕಾರದ ಇನ್ನೊಂದು ರೂಪ. ಅರಮನೆಯನ್ನೂ ಆಸ್ಪತ್ರೆಯನ್ನೂ, ವೈರಿಯ ಬೀದಿಯನ್ನೂ ನನ್ನ ಬೀದಿಯನ್ನೂ ಒಂದೇ ನೋಟದಲ್ಲಿ ಹಿಡಿದು, ಅಲ್ಲಿಯ ಸಮಸ್ತ ಜೀವರಿಗೂ ಒಳಿತಾಗಲೆಂದು ಹಾರೈಸಿ, ನನ್ನ ಪಾಲಿನ ಕೆಲಸಕ್ಕೆ ಇಳಿದು ಹೋಗಲು ಮನಸ್ಸು ಒಪ್ಪಿದರೆ, ಬೆಟ್ಟ ಹತ್ತಿದ್ದಕ್ಕೆ ಫಲ ದೊರೆಯಿತೆಂದು ತಿಳಿಯಬಹುದು. ದೇವರಿಗಾಗಿ ಲೋಕವನ್ನು ಕಣ್ಣಿಂದ ಮರೆಮಾಡಬೇಕಾದ ಭಕ್ತಿಯು ಇನ್ನೂ ದೇವರನ್ನು ಚಿಕ್ಕದಾಗಿ ಭಾವಿಸಿದ ಭಕ್ತಿ.