ಲೊಕೇಲ್ ವಿಚಾರ: ಟರ್ಮಿನಲ್ ಪ್ರೋಗ್ರಾಂ ಯಾರ ಮಾತು ಕೇಳಬೇಕು?

ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂ ಬಳಕೆದಾರರ ಲೊಕೇಲನ್ನು ಪಾಲಿಸಬೇಕೋ ಬೇಡವೋ ಎಂಬುದು ವಿಷಯ. ಸಂಶಯಕ್ಕೆ ಕಾರಣವಿದೆ. ಸಿ ಭಾಷೆಯ ಪ್ರೋಗ್ರಾಂ ಶುರುವಾಗುವುದೇ ‘ಸಿ’ ಎಂಬ ಲೊಕೇಲಿನಲ್ಲಿ. ಸೆಟ್‌ಲೊಕೇಲನ್ನು ಖಾಲಿ ಹೆಸರು ಕೊಟ್ಟು ಕರೆದರೆ ಮಾತ್ರ ಅದು ಬಳಕೆದಾರರ ಸೆಟ್ಟಿಂಗ್ ಕಡೆ ನೋಡುತ್ತದೆ. ಹಾಗಾಗಿ ಪಾಲನೆ ತಾನಾಗಿ ಬರುವುದಿಲ್ಲ, ಪ್ರೋಗ್ರಾಂ ಬರೆದವರು ಬೇಕೆಂದೇ ಮಾಡಬೇಕು.

ಬೇಡವೆನ್ನುವವರ ಪೂರ್ವಪಕ್ಷ ಗಟ್ಟಿಯಾಗಿಯೇ ಇದೆ. ಇಲ್ಲಿ ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್. ಜರ್ಮನ್ ಲೊಕೇಲಿನಲ್ಲಿ ದಶಮಾಂಶದ ಗುರುತು ಅಲ್ಪವಿರಾಮ. ಅಲ್ಲಿ ಸ್ಟ್ರ್‌ಟಾಡ್‌ಗೆ 3.14 ಕೊಟ್ಟರೆ 3 ಎಂದು ಓದಿ ಚುಕ್ಕೆಯ ಬಳಿ ನಿಲ್ಲುತ್ತದೆ, ಎರರ್ ಕೂಡ ಕೊಡುವುದಿಲ್ಲ. ಭಾರತೀಯ ಇಂಗ್ಲಿಷ್ ಲೊಕೇಲಿನ ಶೆಲ್‌ನಲ್ಲಿ ಸಾರ್ಟ್ ಮಾಡಿಟ್ಟ ಫೈಲನ್ನು, ಲ್ಯಾಂಗ್ ಇಲ್ಲದ ಕ್ರಾನ್‌ನಲ್ಲಿ ಓಡುವ ಕಾಮ್ ‘ಇದು ಸಾರ್ಟ್ ಆಗಿಲ್ಲ’ ಎಂದು ತಳ್ಳಿಹಾಕಬಹುದು. ‘ಸಿ’ಯಲ್ಲಿ ದೊಡ್ಡಕ್ಷರಗಳೆಲ್ಲ ಮುಗಿದ ಮೇಲೆ ಸಣ್ಣಕ್ಷರ, ಭಾರತೀಯ ಇಂಗ್ಲಿಷ್ ಲೊಕೇಲಿನಲ್ಲಿ ಎರಡೂ ಬೆರೆತು ಬರುತ್ತವೆ. ಎಲ್ಲ ಕಡೆ ‘ಸಿ’ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲವಲ್ಲ?

ಉತ್ತರ: ಈ ವಾದ ಲೊಕೇಲನ್ನು ಒಂದೇ ವಸ್ತುವೆಂದು ಹಿಡಿದಿದೆ. ಅಕ್ಷರ, ವಿಂಗಡಣೆ, ಅಂಕಿ, ದಿನಾಂಕ, ಸಂದೇಶ ಇವು ಬೇರೆಬೇರೆ ವರ್ಗಗಳು, ಒಂದೊಂದನ್ನೂ ಪ್ರತ್ಯೇಕವಾಗಿ ಇಡಬಹುದು. ‘ಸ್ತ್ರೀ’ ಎಂಬುದನ್ನು ಡಬ್ಲ್ಯೂಸಿಗೆ ಕೊಟ್ಟು ಅಕ್ಷರ ಎಣಿಸಿ: ಯುಟಿಎಫ್-8 ಲೊಕೇಲಿನಲ್ಲಿ 6, ‘ಸಿ’ಯಲ್ಲಿ 18. ಎರಡನೆಯದು ಬರೀ ಬೈಟುಗಳ ಲೆಕ್ಕ. (ಓದುಗರಿಗೆ ಅದು ಒಂದೇ ಅಕ್ಷರ, ಆ ಜಗಳ ಬೇರೆ.) ಅಂಕಿಯ ಭಯಕ್ಕೆ ಅಕ್ಷರವನ್ನೂ ಬಿಟ್ಟುಕೊಡುವುದು ನೆಗಡಿಗೆ ಮೂಗು ಕೊಯ್ದ ಹಾಗೆ.

ಹಾಗಾದರೆ ಸಿ.ಯುಟಿಎಫ್-8 ಸಾಲದೇ? ಜಿಲಿಬ್‌ಸಿ 2022ರ 2.35ನೇ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿದೆ, ಪೈಥಾನ್ 3.7 ಕೂಡ ‘ಸಿ’ ಕಂಡರೆ ಆ ಕಡೆ ವಾಲುತ್ತದೆ. ಸರ್ವರಿಗೆ ನನ್ನ ಆಯ್ಕೆಯೂ ಅದೇ. ಆದರೆ 1234567 ಅನ್ನು ಲೆಕ್ಕ ನೋಡುವವರ ಮುಂದಿಡುವಾಗ 12,34,567 ಎಂದೇ ಇಡಬೇಕು, ಅದು ಸಿ.ಯುಟಿಎಫ್-8ರಿಂದ ಬರುವುದಿಲ್ಲ.

ಔಟ್‌ಪುಟ್ ಟರ್ಮಿನಲ್ಲಿಗೆ ಹೋದರೆ ಪಾಲಿಸು, ಪೈಪಿಗೆ ಹೋದರೆ ಬಿಡು ಎಂಬ ಜಾಣ ಉಪಾಯವೂ ಉಂಟು. ಅದನ್ನು ಒಪ್ಪಲಾರೆ. ಲೆಸ್‌ಗೆ ಪೈಪ್ ಮಾಡಿ ಓದುವವರೂ ಮನುಷ್ಯರೇ. ಆ ನಿರ್ಧಾರ ಕರೆಯುವವರದು: ಸ್ಕ್ರಿಪ್ಟ್ ಬರೆಯುವವರು ಆ ಒಂದು ಕಮಾಂಡಿನ ಮುಂದೆ ಎಲ್‌ಸಿ_ಆಲ್=ಸಿ ಎಂದು ಹಾಕಲಿ.

ಇಲ್ಲೊಂದು ಸೋಜಿಗ. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆ ಎಂಬುದು ಮೀಮಾಂಸಕರ ನ್ಯಾಯ. ಲ್ಯಾಂಗ್ ಏನೇ ಹೇಳಲಿ, ಎಲ್‌ಸಿ_ಟೈಮ್ ಇದ್ದರೆ ದಿನಾಂಕದ ಮಟ್ಟಿಗೆ ಅದೇ ಗೆಲ್ಲುತ್ತದೆ, ಅಲ್ಲಿಗೆ ನ್ಯಾಯ ಸರಿಹೋಯಿತು. ಎಲ್‌ಸಿ_ಆಲ್ ಮಾತ್ರ ಸಾಮಾನ್ಯವಾಗಿದ್ದೂ ವಿಶೇಷಗಳನ್ನೆಲ್ಲ ಮೆಟ್ಟುತ್ತದೆ. ಅದಕ್ಕೇ ಅದನ್ನು ಶೆಲ್ಲಿನ ಪ್ರೊಫೈಲಿನಲ್ಲಿ ಕಾಯಂ ಇಡಬಾರದು.

ನಿರ್ಣಯ ಇದು: ಪ್ರೋಗ್ರಾಂ ಶುರುವಿನಲ್ಲೇ ಒಮ್ಮೆ ಲೊಕೇಲನ್ನು ಸ್ವೀಕರಿಸಲಿ, ಫೈಲ್ ಫಾರ್ಮ್ಯಾಟ್ ಓದಿ ಬರೆಯುವ ಪ್ರೋಗ್ರಾಂ ಆದರೆ ಎಲ್‌ಸಿ_ನ್ಯೂಮರಿಕ್ಕನ್ನು ಕೂಡಲೇ ‘ಸಿ’ಗೆ ಮರಳಿಸಿ, ತೋರಿಸುವ ಅಂಕಿಯನ್ನು ಬೇರೆಯಾಗಿ ರೂಪಿಸಲಿ. ಒಂದು ಆಕ್ಷೇಪಕ್ಕೆ ಮಾತ್ರ ಇದರಲ್ಲಿ ಉತ್ತರವಿಲ್ಲ. ಎಸ್‌ಎಸ್‌ಎಚ್ ಆಚೆಯ ಎಡಿಟರ್ ‘ಸ್ತ್ರೀ’ಗೆ ಎಷ್ಟು ಕಾಲಂ ಬೇಕೆಂದು ಆ ಯಂತ್ರದ ಕೋಷ್ಟಕ ನೋಡಿ ಹೇಳುತ್ತದೆ, ಈಚೆಯ ಟರ್ಮಿನಲ್ ತನ್ನದನ್ನು ನೋಡಿ ಬರೆಯುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಕರ್ಸರ್ ಅಕ್ಷರದ ನಡುವೆ ಕೂರುತ್ತದೆ. ಲೊಕೇಲ್ ಎರಡೂ ಕಡೆ ಒಂದೇ ಇದ್ದರೂ ಅದು ತಪ್ಪುವುದಿಲ್ಲ.