ಮಿಸ್, ಸುಟ್ಟುಹೋಯ್ತು

ಶಾಲೆಯ ಟೆಕ್ನಾಲಜಿ ಲ್ಯಾಬಿನ ಗೋಡೆಯ ಮೇಲೆ ನಿಯಮಗಳ ಪಟ್ಟಿ ಇದ್ದೇ ಇರುತ್ತದೆ. ಓಡಬೇಡಿ, ತಳ್ಳಾಡಬೇಡಿ, ಕೇಳದೆ ಸ್ವಿಚ್ ಹಾಕಬೇಡಿ, ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಎಲ್ಲವೂ ಬೇಕಾದ ಮಾತುಗಳೇ. ಆದರೆ ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಒಂದು ಸಾಲು ಅನೇಕ ಕಡೆ ಕಾಣುವುದಿಲ್ಲ: ಏನೇ ಸುಟ್ಟರೂ, ಮುರಿದರೂ, ಕೈಗೆ ತಾಗಿದರೂ ಕೂಡಲೇ ಬಂದು ಹೇಳಿ, ಯಾರೂ ಬೈಯುವುದಿಲ್ಲ.

1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬರಲು ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಬಡಾವಣೆ ನಮ್ಮ ವಿಶ್ವೇಶ್ವರಪುರಂ. ಒಂದು ಕಾಲಕ್ಕೆ ಅಂಥ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಕಾಣುತ್ತಿದ್ದ ಸಲಕರಣೆಗಳು ಈಗ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಕೈಗೆ ಬಂದಿವೆ. ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ದೇಶದ ಸುಮಾರು 10,000 ಶಾಲೆಗಳಲ್ಲಿ, ಮಕ್ಕಳು ತಾವೇ ಮಾಡಿ ನೋಡಿ ಕಲಿಯುವ ಟಿಂಕರಿಂಗ್ ಲ್ಯಾಬ್‌ಗಳು ತೆರೆದಿವೆ. ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, 6ರಿಂದ 12ನೇ ತರಗತಿಯ ಮಕ್ಕಳಿಗೆ ಪ್ರವೇಶ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಲ್ಯಾಬ್ ಇಲ್ಲದ ಶಾಲೆಯ ಮಕ್ಕಳೂ ಸುಮ್ಮನೆ ಕೂರುವವರಲ್ಲ. ಸೈನ್ಸ್ ಎಕ್ಸಿಬಿಷನ್ ಬಂತೆಂದರೆ ಅಪ್ಪನನ್ನೋ ಅಣ್ಣನನ್ನೋ ಹೊರಡಿಸಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಮೋಟಾರು, ಸೆನ್ಸರು, ಬ್ಯಾಟರಿ ತಂದುಬಿಡುತ್ತಾರೆ. ಇದು ಸಂತೋಷಪಡಬೇಕಾದ ಸಂಗತಿ. ಸಂತೋಷದ ಜೊತೆಗೆ ಹೊಣೆಯೂ ಬಂದಿದೆ.

ಸೋಲ್ಡರಿಂಗ್ ಐರನ್ ಒಂದನ್ನೇ ನೋಡಿ. ಅದರ ತುದಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ದೋಸೆ ಕಾವಲಿಗಿಂತಲೂ ಬಹಳ ಹೆಚ್ಚು. ಹಾಗಿದ್ದೂ ಕೆಂಪಗಾಗುವುದಿಲ್ಲ, ತಣ್ಣಗಿದ್ದಾಗ ಹೇಗೋ, ಕಾದಾಗಲೂ ಹಾಗೇ ಕಾಣುತ್ತದೆ. ಸ್ಟ್ಯಾಂಡಿನಲ್ಲಿ ಇಡದೆ ಮೇಜಿನ ಮೇಲೆ ಬಿಟ್ಟರೆ ಉರುಳಿ ಬೀಳುತ್ತದೆ. ಬೀಳುವುದನ್ನು ಹಿಡಿಯಲು ಕೈ ತಾನಾಗಿ ಮುಂದೆ ಹೋಗುತ್ತದೆ. ಆದ್ದರಿಂದ ಮೊದಲ ದಿನವೇ ಕಲಿಸಬೇಕು: ಐರನ್ ಬಿದ್ದರೆ ಹಿಡಿಯಬೇಡ, ಹಿಂದಕ್ಕೆ ಸರಿ, ಬೀಳಲಿ ಬಿಡು, ಆಮೇಲೆ ಸ್ವಿಚ್ ಆಫ್ ಮಾಡು. 'ಹಾಳಾದರೆ ದುಡ್ಡು ಕಟ್ಟಬೇಕು' ಎಂದು ಹೆದರಿಸಿಟ್ಟ ಮಗು ಇದನ್ನು ಪಾಲಿಸುವುದು ಹೇಗೆ? ಕೆಲವು ನೂರು ರೂಪಾಯಿ ಉಳಿಸಲು ಅದು ಅಂಗೈಯನ್ನೇ ಒಡ್ಡುತ್ತದೆ.

ಬ್ಯಾಟರಿಯ ವಿಷಯವೂ ಅಷ್ಟೇ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ, ಜಜ್ಜಿದರೆ, ಚೂಪಾದದ್ದೇನಾದರೂ ಚುಚ್ಚಿದರೆ ಒಳಗೊಳಗೇ ಬಿಸಿ ಏರಬಹುದು. ಬೆಂಕಿ ಆ ಕ್ಷಣವೇ ಕಾಣಬೇಕೆಂದಿಲ್ಲ, ಎಷ್ಟೋ ಹೊತ್ತಿನ ಮೇಲೂ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನು ಮಗು ಹೆದರಿ ಡ್ರಾಯರಿನ ಹಿಂದೆ ಬಚ್ಚಿಟ್ಟರೆ, ಎಲ್ಲರೂ ಮನೆಗೆ ಹೋದ ಮೇಲೆ ಆ ಕೋಣೆಯಲ್ಲಿ ಅಪಾಯವೊಂದೇ ಉಳಿಯುತ್ತದೆ. ಬಂದು ಹೇಳಿದ್ದರೆ ಅದನ್ನು ಆಗಲೇ ಸುಡುವ ವಸ್ತುಗಳಿಂದ ದೂರ, ಬಯಲಿಗೆ ಸಾಗಿಸಬಹುದಿತ್ತು.

ಹೇಳುವ ಧೈರ್ಯದ ಜೊತೆಗೇ ಬರಬೇಕಾದದ್ದು ಕೇಳುವ ಧೈರ್ಯ. ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು 1935ರಲ್ಲಿ ಇಲ್ಲಿನ ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗನೇ ಮುಂದೆ ಭೌತಶಾಸ್ತ್ರದ ಮೇಷ್ಟ್ರಾದ ಎಚ್. ನರಸಿಂಹಯ್ಯನವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದನ್ನೇ ಅವರು ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಕಲಿಸಿದರು. ಲ್ಯಾಬಿನ ನಿಯಮಕ್ಕೂ ಈ ಮಾತು ಸಲ್ಲುತ್ತದೆ. 'ಜಡೆ ಹಿಂದಕ್ಕೆ ಕಟ್ಟು' ಎಂದಷ್ಟೇ ಹೇಳಿದರೆ ಮಿಸ್ ಎದುರಿಗಿದ್ದಷ್ಟು ಹೊತ್ತು ಜಡೆ ಹಿಂದಿರುತ್ತದೆ. ತಿರುಗುವ ಡ್ರಿಲ್ಲಿಗೆ ಕೂದಲು ಸಿಕ್ಕಿದರೆ ಸ್ವಿಚ್ ಆರಿಸುವಷ್ಟೂ ಸಮಯ ಸಿಗದು ಎಂದು ತಿಳಿಸಿದರೆ, ಮಗು ಮನೆಯಲ್ಲೂ ಅದನ್ನು ಮರೆಯುವುದಿಲ್ಲ. ಸೋಲ್ಡರ್ ತಂತಿಯಲ್ಲಿ ಸೀಸ ಇರಬಹುದೆಂದು ಗೊತ್ತಾದ ಹುಡುಗ ಊಟದ ಡಬ್ಬಿ ತೆರೆಯುವ ಮೊದಲು ತಾನಾಗಿ ಸೋಪು ಹಚ್ಚಿ ಕೈ ತೊಳೆಯುತ್ತಾನೆ.

ಮಕ್ಕಳಿಂದ ಇಷ್ಟನ್ನು ಬಯಸುವ ನಾವು ಅವರಿಗೆ ಕೊಡಬೇಕಾದದ್ದೂ ಇದೆ. ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಇರುವಷ್ಟು ಸಣ್ಣ ಗುಂಪು. ಎಲ್ಲರಿಗೂ ಕಣ್ಣು ಕಾಯುವ ಒಂದೊಂದು ಕನ್ನಡಕ. ಮೇನ್ ಸ್ವಿಚ್ ಎಲ್ಲಿದೆ ಎಂದು ಪ್ರತಿ ಮಗುವಿಗೂ ತೋರಿಸಿಕೊಡುವುದು. ಹತ್ತಿರದಲ್ಲೇ ಒಂದು ನಲ್ಲಿ: ಸುಟ್ಟ ಕೈಯನ್ನು ತಣ್ಣೀರಿನ ಧಾರೆಗೆ 20 ನಿಮಿಷ ಹಿಡಿಯಬೇಕು, ಪೇಸ್ಟು, ಕಾಫಿಪುಡಿ, ಶಾಯಿ ಯಾವುದನ್ನೂ ಹಚ್ಚಬಾರದು. ಹಾಳಾಗುವ ಬಿಡಿಭಾಗಗಳಿಗೆಂದು ವರ್ಷದ ಲೆಕ್ಕದಲ್ಲೇ ಒಂದಿಷ್ಟು ದುಡ್ಡು ಎತ್ತಿಡಬೇಕು. ಲಕ್ಷಾಂತರ ರೂಪಾಯಿಯ ಸಾಮಾನು ಕೆಟ್ಟೀತೆಂದು ಬೀರುವಿಗೆ ಬೀಗ ಹಾಕಿದರೆ ಸಾಮಾನು ಉಳಿಯುತ್ತದೆ, ಕಲಿಕೆ ಉಳಿಯುವುದಿಲ್ಲ. ರೆಸಿಸ್ಟರ್ ಹಾಕದೆ ಎಲ್‌ಇಡಿಗೆ ಬ್ಯಾಟರಿ ಕೊಟ್ಟು, ಅದು ಒಮ್ಮೆ ಜಗ್ಗೆಂದು ಉರಿದು ಆರಿದ್ದನ್ನು ಕಂಡ ಮಗು ರೆಸಿಸ್ಟರ್ ಏಕೆ ಬೇಕೆಂದು ಮತ್ತೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಒಂದು ದಿನ ಒಂದು ಮಗು ಎದ್ದು ನಿಂತು 'ಮಿಸ್, ಸುಟ್ಟುಹೋಯ್ತು' ಎನ್ನುತ್ತದೆ. ಆಗ ಮೊದಲು ಕೇಳಬೇಕಾದ ಪ್ರಶ್ನೆ 'ಕೈಗೆ ಏನೂ ಆಗಿಲ್ಲ ತಾನೇ?' ಎರಡನೆಯದು 'ಹೇಗಾಯ್ತು, ಹೇಳು ನೋಡೋಣ.' ಸಾಮಾನಿನ ಬೆಲೆಯ ಮಾತು ಆ ದಿನ ಬೇಡವೇ ಬೇಡ. ಈ ಎರಡು ಪ್ರಶ್ನೆಗಳನ್ನು ಕೇಳಿಸಿಕೊಂಡು ಬೆಳೆದ ಮಗು ನಾಳೆ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕೆ ನಿಂತಾಗ, ತನ್ನ ಕೈಯಿಂದಾದ ತಪ್ಪನ್ನು ಮುಚ್ಚಿಡದೆ ಹೇಳುತ್ತದೆ. ಅದರಿಂದ ಉಳಿಯುವುದು ಇನ್ನೊಬ್ಬರ ಜೀವ.